ಸೀಟು ಬಿಚ್ಚಿದರೆ ಹದಿನಾಲ್ಕು

ಬೈಕುಗಳ ಕರೆಂಟ್ ಕೆಲಸದಲ್ಲಿ ಮೇಸ್ತ್ರಿಗೆ ಮೂವತ್ತು ವರ್ಷಗಳ ಅನುಭವವಿತ್ತು. ತಾಳ್ಮೆ ಮಾತ್ರ ಮೊದಲ ಐದು ವರ್ಷಗಳಲ್ಲೇ ಮುಗಿದುಹೋಗಿತ್ತು. ಗಾಡಿ ನಿಂತಿತೆಂದರೆ ಸಾಕು, ಜನ ಓಡಿಹೋಗಿ ಹೊಸ ಬ್ಯಾಟರಿ ತರುತ್ತಾರಲ್ಲ ಎಂಬುದೇ ಅವನ ಬಾಳಿನ ದೊಡ್ಡ ಸಂಕಟ.

“ಬ್ಯಾಟರಿ ಅಂದ್ರೆ ಬಿಂದಿಗೆ ಕಣಪ್ಪಾ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. “ನಲ್ಲೀಲಿ ನೀರೇ ಬರ್ದಿದ್ರೆ ಬಿಂದಿಗೆ ಬದಲಾಯ್ಸಿ ಏನ್ ಮಾಡ್ತೀಯ?”

ಎಂಜಿನ್ನಿನೊಳಗಿನ ತಾಮ್ರದ ಸುರುಳಿ ಕರೆಂಟ್ ಹುಟ್ಟಿಸಬೇಕು. ಸೀಟಿನಡಿಯ ರೆಗ್ಯುಲೇಟರ್ ಅದನ್ನು ಹದಮಾಡಿ ಬ್ಯಾಟರಿಗೆ ತುಂಬಬೇಕು. ಎಂಜಿನ್ ಓಡುವಾಗ ಮೀಟರಿನಲ್ಲಿ ಹದಿನಾಲ್ಕು ವೋಲ್ಟ್ ಕಂಡರೆ ಕ್ಷೇಮ. ಹನ್ನೆರಡರಲ್ಲೇ ತೂಕಡಿಸಿದರೆ ನಡುವೆ ಎಲ್ಲೋ ದಾರಿ ಕಟ್ಟಿದೆ ಎಂದರ್ಥ. ಇದನ್ನು ಕಲಿಸಿದವನು ಅವನ ಸೋದರಮಾವ. ಕೆಲಸ ನಡೆಯುವಾಗ ಗಾಡಿಯವರು ಹತ್ತಿರ ಸುಳಿಯಕೂಡದು ಎಂಬುದೂ ಮಾವನದೇ ಪಾಠ. ಅದಕ್ಕೇ ಬಾಗಿಲ ಮೇಲೆ ‘ಗಾಡಿ ಬಿಟ್ಟು ಹೋಗಿ’ ಎಂದು ಬರೆಸಿದ್ದ.

ಆ ವಾರ ಅವನ ತಲೆ ತಿಂದದ್ದು ನರ್ಸಮ್ಮನ ಗಾಡಿ. ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಆಕೆಯ ಕೆಲಸ. ಬಟನ್ ಒತ್ತಿದರೆ ಮಾತ್ರ ಹೊರಡುವ ಆ ಗಾಡಿ ಎರಡು ಸಲ ನಡುದಾರಿಯಲ್ಲಿ ಕೈಕೊಟ್ಟಿತ್ತು. ಇನ್ನೊಮ್ಮೆ ತಡವಾದರೆ ಮನೆಸುತ್ತು ಬೇರೆಯವರಿಗೆ, ನಿಮಗೆ ಆಸ್ಪತ್ರೆಯೊಳಗೇ ಕೆಲಸ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಹನ್ನೊಂದು ವರ್ಷ ನೋಡಿಕೊಂಡ ರೋಗಿಗಳನ್ನು ಬಿಟ್ಟುಕೊಡಲು ಆಕೆಗೆ ಮನಸ್ಸಿರಲಿಲ್ಲ.

ಮೇಸ್ತ್ರಿ ಎರಡು ಸಲವೂ ಸೀಟು ಬಿಚ್ಚಿಟ್ಟು ಮೀಟರ್ ಹಿಡಿದ. ಹದಿನಾಲ್ಕು. ಎಂಜಿನ್ ಕಾಯಿಸಿ ಹಿಡಿದ. ಹದಿನಾಲ್ಕೇ. ಒಯ್ಯಿರಿ, ಏನೂ ಆಗಿಲ್ಲ ಎಂದು ಕಳಿಸಿದ್ದ. ಮೂರನೆಯ ಸಲ ಆಕೆ ಗಾಡಿ ತಳ್ಳಿಕೊಂಡೇ ಬಂದಳು. ಬಂದವಳು ಬಾಗಿಲ ಬರಹ ಓದಿಯೂ ಕದಲಲಿಲ್ಲ. ಮೇಸ್ತ್ರಿ ಬೇರೆ ಬ್ಯಾಟರಿಯ ಆಸರೆ ಕೊಟ್ಟು ಗಾಡಿ ಶುರುಮಾಡಿ, ಆಸರೆ ತೆಗೆದು ನೋಡಿದ. ಮತ್ತೆ ಹದಿನಾಲ್ಕು. ಮೀಟರನ್ನೇ ಎತ್ತಿ ಎಸೆಯಬೇಕೆನಿಸಿತು.

“ನನ್ ಕೈಗ್ ಬಂದಾಗ ನೆಟ್ಟಗಿರತ್ತೆ, ನಿಮ್ ಕೈಗ್ ಹೋದ್ರೆ ಸಾಯತ್ತೆ. ನಾನೇನಮ್ಮಾ ಮಾಡ್ಲಿ?”

ನರ್ಸಮ್ಮ ಚೀಲ ಕೆಳಗಿಟ್ಟಳು. “ಅಣ್ಣಾ, ಮಲಗಿರೋ ರೋಗೀನ ಕೇಳಿದ್ರೆ ನೋವೇ ಇಲ್ಲ ಅಂತಾನೆ. ಎಬ್ಬಿಸಿ ನಡೆಸಿದ್ಮೇಲೆ ಗೊತ್ತಾಗೋದು. ನೀವು ನನ್ನ ಕೂರ್ಸಿ ಯಾವತ್ತಾದ್ರೂ ನೋಡಿದೀರಾ?”

ಮೇಸ್ತ್ರಿ ಗೊಣಗುತ್ತಲೇ ಸೀಟು ಕೂರಿಸಿ, ಪಕ್ಕದ ಮುಚ್ಚಳದೊಳಗಿನ ಬ್ಯಾಟರಿಗೆ ಮೀಟರ್ ಹಿಡಿದ. ಆಕೆ ಹತ್ತಿ ಕುಳಿತಳು. ಹನ್ನೆರಡು. ಇಳಿದಳು. ಹದಿನಾಲ್ಕು. ಮತ್ತೆ ಕುಳಿತಳು. ಹನ್ನೆರಡು.

ಸೀಟು ಬಿಚ್ಚಿ ಮಗುಚಿದಾಗ, ಅದನ್ನು ಎತ್ತಿಹಿಡಿಯಲು ತಳದಲ್ಲಿ ನಾಲ್ಕು ರಬ್ಬರ್ ಗುಂಡಿಗಳಿರಬೇಕಾದಲ್ಲಿ ಮೂರೇ ಇದ್ದವು. ನಾಲ್ಕನೆಯದಿಲ್ಲದ ಮೂಲೆ ಬಾಗಿ ರೆಗ್ಯುಲೇಟರಿನ ವೈರನ್ನು ಒತ್ತುತ್ತಿತ್ತು. ವೈರಿನ ಮೇಲುಹೊದಿಕೆ ನೆಟ್ಟಗಿದ್ದರೂ ಒಳಗೆ ತಾಮ್ರದ ಎಳೆಗಳು ತುಂಡಾಗಿ, ಭಾರ ಬಿದ್ದಾಗಲೆಲ್ಲ ಬೇರೆಯಾಗುತ್ತಿದ್ದವು. ಮೂರು ತಿಂಗಳ ಹಿಂದೆ ಹಾರನ್ ಸರಿಮಾಡಲು ಆ ಸೀಟು ಬಿಚ್ಚಿದವನು ತಾನೇ ಎಂಬುದು ಮೇಸ್ತ್ರಿಗೆ ನೆನಪಾಯಿತು. ಹಳೆಯ ನಟ್ಟುಗಳ ಡಬ್ಬ ಬೋರಲು ಹಾಕಿ ಕೆದಕಿದ. ಗುಂಡಿ ಅಲ್ಲೇ ಇತ್ತು. ಬೈಯಲು ಬೇರೆ ಯಾರೂ ಸಿಗದೆ ತನ್ನನ್ನೇ ಬೈದುಕೊಂಡ.

ಹೊಸ ವೈರು ಬೆಸೆದು, ಗುಂಡಿ ಸಿಕ್ಕಿಸಿ, ಆಕೆಯನ್ನು ಕೂರಿಸಿಯೇ ಮೀಟರ್ ಹಿಡಿದ. ಹದಿನಾಲ್ಕು ಅಲುಗಲಿಲ್ಲ. ನರ್ಸಮ್ಮನ ಮನೆಸುತ್ತು ಆಕೆಗೇ ಉಳಿಯಿತು.

ಬಾಗಿಲ ಬರಹವನ್ನು ಅವನು ಅಳಿಸಲಿಲ್ಲ. ಆದರೆ ಮರುದಿನ ಒಬ್ಬ ಅದನ್ನೋದಿ ಗಾಡಿ ಬಿಟ್ಟು ಹೊರಟಾಗ ಒಳಗಿನಿಂದ ಸಿಡುಕು ದನಿ ಬಂತು:

“ಎಲ್ಲಿಗ್ ಹೊರಟೆ ಮಾರಾಯಾ? ಬಂದು ಹತ್ತಿ ಕೂತ್ಕೋ.”