ಹೋರಾಟಕ್ಕೆ ಹೋದ ಸಂಕ

ನನ್ನ ಯಜಮಾನರ ಹಸಿರು ಶಾಲನ್ನು ನಾನು ಮೊನ್ನೆ ಮೊನ್ನೆಯವರೆಗೆ ಒಂದು ಸಲವೂ ಇಸ್ತ್ರಿ ಮಾಡಿದವಳಲ್ಲ. ಸೋಮಾರಿತನದಿಂದಲ್ಲ, ಅದು ಅವರದೇ ಅಪ್ಪಣೆ. ಇಸ್ತ್ರಿ ಮಾಡಿದ ಶಾಲು ಹೊದ್ದು ಧರಣಿಗೆ ಕೂತವನನ್ನು ಜನ ನಂಬುವುದಿಲ್ಲವಂತೆ. ಶಾಲು ಮುದುಡಿರಬೇಕು, ಅಂಚಿನಲ್ಲಿ ಒಂದಿಷ್ಟು ಚಹಾದ ಕಲೆ ಇರಬೇಕು, ನಿನ್ನೆಯೂ ಎಲ್ಲೋ ಕೂತು ಎದ್ದು ಬಂದವರ ಹಾಗೆ ಕಾಣಬೇಕು. ಮದುವೆಯಾದ ಹೊಸದರಲ್ಲಿ ಈ ಮಾತು ಕೇಳಿ ನನಗೆ ಹೆಮ್ಮೆಯೆನಿಸಿತ್ತು. ಆಮೇಲಾಮೇಲೆ, ಒಂದು ಬಟ್ಟೆಯ ಕೆಲಸ ಉಳಿಯಿತಲ್ಲ ಎಂಬ ಸಮಾಧಾನ ಮಾತ್ರ ಉಳಿಯಿತು.

ಇವರು ಹೊಸನಗರದಲ್ಲಿ ವಕೀಲರು. ಹಾಗೆಂದು ಬಾಗಿಲ ಮೇಲಿನ ಬೋರ್ಡು ಹೇಳುತ್ತದೆ. ಆದರೆ ಕಕ್ಷಿದಾರರು ಇವರನ್ನು ಕೋರ್ಟಿನಲ್ಲಿ ಹುಡುಕುವುದಿಲ್ಲ, ನೆಟ್ಟಗೆ ತಾಲ್ಲೂಕು ಕಚೇರಿಯ ಎದುರಿನ ಶಾಮಿಯಾನಕ್ಕೆ ಹೋಗುತ್ತಾರೆ. ಮಂಗನ ಕಾಟ, ಮೊಬೈಲ್ ನೆಟ್‌ವರ್ಕು, ನಿಂತುಹೋದ ಬಸ್ಸು, ಬಗರ್‌ಹುಕುಂ ಜಮೀನು, ನದಿ, ಗುಡ್ಡ, ಮರ. ಆಡು ಮುಟ್ಟದ ಸೊಪ್ಪಿಲ್ಲ, ಇವರು ಸೇರದ ಸಮಿತಿಯಿಲ್ಲ. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು, ಈಗ ನಿವೃತ್ತಳು. ಅಂದರೆ ಹೋರಾಟಗಾರರಿಗೆ ಚಹಾ ಕಾಸಲು, ಅವಲಕ್ಕಿ ಕಲಸಲು ಪೂರ್ತಿ ಹೊತ್ತು ಸಿಕ್ಕಿದೆ.

ಇಷ್ಟು ವರ್ಷ ಚಹಾ ಹಂಚಿದ ಅನುಭವದಿಂದ ಹೇಳುತ್ತೇನೆ, ನಮ್ಮ ಮೂರು ತಾಲ್ಲೂಕುಗಳ ಹೋರಾಟಕ್ಕೆ ಮೂರು ಬೇರೆ ಬೇರೆ ರುಚಿಯಿದೆ. ಸಾಗರದವರು ಬಂದರೆ ಭಾಷಣ ಚೆನ್ನಾಗಿರುತ್ತದೆ. ಅಲ್ಲಿ ಎಲ್ಲರೂ ಒಂದಲ್ಲ ಒಂದು ನಾಟಕದಲ್ಲಿ ಪಾರ್ಟು ಮಾಡಿದವರೇ. ಎಲ್ಲಿ ದನಿ ಏರಿಸಬೇಕು, ಎಲ್ಲಿ ಕಣ್ಣೊರೆಸಿಕೊಳ್ಳಬೇಕು ಎಂದು ಹೇಳಿಕೊಡಬೇಕಾಗಿಲ್ಲ. ತೀರ್ಥಹಳ್ಳಿಯವರು ಇತಿಹಾಸದಿಂದ ಶುರು ಮಾಡುತ್ತಾರೆ. 'ಇದು ಹೋರಾಟದ ನೆಲ' ಎಂದು ಹಿಡಿದರೆಂದರೆ, ಅವರು ಈ ವರ್ಷಕ್ಕೆ ಬಂದು ಮುಟ್ಟುವಷ್ಟರಲ್ಲಿ ಚಹಾ ಎರಡನೇ ಸುತ್ತು ಆಗಿರುತ್ತದೆ. ನಮ್ಮ ಹೊಸನಗರದಲ್ಲಿ ಜನ ಕಡಿಮೆ, ಆದರೆ ಇದ್ದವರೆಲ್ಲ ನೆಂಟರು. ಧಿಕ್ಕಾರ ಕೂಗಿಸಿಕೊಳ್ಳುವ ಗುಮಾಸ್ತನೂ ಯಾರದೋ ಭಾವನೇ ಆಗಿರುತ್ತಾನೆ. ಕೂಗಿ ಮುಗಿದ ಮೇಲೆ ಅವನನ್ನೂ ಚಹಾಕ್ಕೆ ಕರೆಯುತ್ತಾರೆ. ಮೂರೂ ಕಡೆಯವರು ತಪ್ಪದೆ ಹೇಳುವ ಮಾತೊಂದಿದೆ: 'ನಾವು ನಾಡಿಗೆಲ್ಲ ಬೆಳಕು ಕೊಟ್ಟು ಕತ್ತಲಲ್ಲಿ ಉಳಿದವರು.' ಜೋಗದ ಕರೆಂಟಿನ ಈ ಮಾತು ಸುಳ್ಳಲ್ಲ. ಅದಕ್ಕೇ ನನಗೆ ಸಂಕಟ. ಸತ್ಯವನ್ನೂ ನಿತ್ಯ ಅಷ್ಟಷ್ಟು ತೇಯ್ದರೆ ಸವೆಯುತ್ತದೆ.

ಹಿಂದೆ ಒಬ್ಬ ರಾಜ ಅರಮನೆಯ ಬಾಗಿಲಲ್ಲಿ ಒಂದು ಗಂಟೆ ಕಟ್ಟಿಸಿದ್ದನಂತೆ. ಅನ್ಯಾಯವಾದವರು ಯಾರೇ ಬಂದು ಹಗ್ಗ ಎಳೆದರೂ ಅವನು ಊಟ ಬಿಟ್ಟು ಎದ್ದು ಬರುತ್ತಿದ್ದನಂತೆ. ಒಂದು ದಿನ ಕರುವನ್ನು ಕಳೆದುಕೊಂಡ ಹಸು ಬಂದು ಹಗ್ಗ ಎಳೆಯಿತು ಎಂದು ಕಥೆ. ತರಗತಿಯಲ್ಲಿ ಈ ಕಥೆ ಹೇಳುವಾಗ ನಾನು ರಾಜನನ್ನು ಹೊಗಳುತ್ತಿದ್ದೆ. ಈಗ ಹಸುವನ್ನು ಹೊಗಳಬೇಕೆನಿಸುತ್ತದೆ. ಆ ಹಸು ಸಮಿತಿ ಮಾಡಲಿಲ್ಲ, ಇಬ್ಬರು ಉಪಾಧ್ಯಕ್ಷರನ್ನು ನೇಮಿಸಲಿಲ್ಲ, ಅಕ್ಕಪಕ್ಕದ ರಾಜ್ಯದ ಎತ್ತುಗಳನ್ನು ಭಾಷಣಕ್ಕೆ ಕರೆಸಲಿಲ್ಲ. ತನ್ನ ಕರುವಿನ ವಿಷಯ ಮಾತ್ರ ಹೇಳಿತು.

ಗಿರಿಜೆಗೂ ಒಂದೇ ವಿಷಯವಿತ್ತು. ಅದು ಸಂಕ.

ಗಿರಿಜೆ ನನ್ನ ತವರಿನ ಕಡೆಯವಳು. ಅಲ್ಲಿ ಹಳ್ಳದಾಚೆ ಒಂದು ಹತ್ತಿಪ್ಪತ್ತು ಮನೆಗಳಿವೆ, ಆಚೆಕೇರಿ ಎನ್ನುತ್ತಾರೆ. ಈಚೆ ದಡದಲ್ಲಿ ಶಾಲೆ, ಬಸ್ಸು, ರೇಷನ್ನು ಎಲ್ಲ. ಗಿರಿಜೆ ಆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಗಂಡ ಇಲ್ಲ. ಆ ಸಂಬಳ ಸಣ್ಣದೇ ಆದರೂ, ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಅದರಿಂದಲೇ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಆಚೆಕೇರಿಯವರು ಕೂಡಿ ಹಳ್ಳ ದಾಟಲು ಮರದ ಸಂಕ ಹಾಕುತ್ತಾರೆ. ಬಿದ್ದ, ಫಸಲು ನಿಂತ ಅಡಿಕೆ ಮರ ಇದ್ದವರು ಮರ ಕೊಡಬೇಕು, ಇಲ್ಲದವರು ಹೆಗಲು ಕೊಡಬೇಕು. ನಾಲ್ಕೈದು ಮರ ಜೋಡಿಸಿ, ಬಿಗಿದು, ಹಿಡಿದುಕೊಳ್ಳಲು ಬಿದಿರಿನ ಗಳ ಕಟ್ಟಿದರೆ ಒಂದು ಮಳೆಗಾಲ ದಾಟುತ್ತದೆ. ಹಳ್ಳ ತುಂಬಿದ ಮೇಲೆ ಹಾಕಲು ಬರುವುದಿಲ್ಲ. ನೀರು ಬರುವ ಮೊದಲೇ ಹಾಕಬೇಕು, ಅಷ್ಟೇ ಅದರ ಶಾಸ್ತ್ರ.

ಆಚೆಕೇರಿಗೆ ಸಿಮೆಂಟಿನ ಕಾಲುಸಂಕ ಆಗಬೇಕು ಎಂದು ಇವರು ಸಮಿತಿ ಕಟ್ಟಿದಾಗ ನಾನೇ ಖುಷಿಪಟ್ಟು ಹೋಳಿಗೆ ಮಾಡಿ ಬಡಿಸಿದ್ದೆ. ನಮ್ಮ ಜಗಲಿಯ ಮೇಲೆ ಸಭೆ ಸೇರಿತು. ಮೂರೂ ತಾಲ್ಲೂಕಿನ ಮುಖಂಡರು ಬಂದಿದ್ದರು. ಆಗ ಸಾಗರದ ಒಬ್ಬರಿಗೆ ಹೊಳೆಯಿತು: ಸುಮ್ಮನೆ ಮನವಿ ಕೊಟ್ಟರೆ ಯಾರು ಕೇಳುತ್ತಾರೆ? ಈ ವರ್ಷದ ಸಂಕಕ್ಕೆಂದು ಕಡಿದಿಟ್ಟ ಮರಗಳನ್ನೇ ಹೆಗಲ ಮೇಲೆ ಹೊತ್ತು ತಾಲ್ಲೂಕು ಕಚೇರಿಗೆ ಮೆರವಣಿಗೆ ಹೋಗೋಣ! ಜಗಲಿಯೆಲ್ಲ ಚಪ್ಪಾಳೆ. ಇವರ ಕಣ್ಣಂತೂ ಫಳಫಳ ಹೊಳೆಯಿತು.

ಮೂಲೆಯಲ್ಲಿ ಕೂತಿದ್ದ ಗಿರಿಜೆ ಮೆಲ್ಲಗೆ ಕೇಳಿದಳು. "ಅಣ್ಣಾ, ಮೊದ್ಲು ಸಂಕ ಹಾಕ್ಬಿಟ್ಟು ಆಮೇಲೆ ಹೋರಾಟ ಮಾಡ್ಬೋದಲ್ದಾ?"

"ಸಂಕ ಹಾಕ್ಬಿಟ್ರೆ ಸರ್ಕಾರಕ್ಕೆ ನಿಮ್ ಕಷ್ಟ ಕಾಣ್ಸೋದು ಹೆಂಗೆ ಗಿರಿಜಾ?" ಎಂದರು ಇವರು. "ಒಂದ್ ಮಳೆಗಾಲ ತಡ್ಕಳಿ. ಆಮೇಲೆ ಜನ್ಮಕ್ಕೂ ಸಂಕ ಹಾಕೋ ಕೆಲ್ಸ ಇಲ್ಲ."

ನಾನು ಒಳಗಿನಿಂದ ಬಂದು, "ಮಳೆ ನಿಮ್ಮ ಸಮಿತಿಯ ಸದಸ್ಯನಲ್ಲ, ಹೇಳಿದಾಗ ನಿಲ್ಲೋದಿಲ್ಲ" ಎಂದೆ. ಎಲ್ಲರೂ ನಕ್ಕರು. ಇವರೂ ನಕ್ಕು, "ನಿಂಗೆ ಚಳವಳಿ ಭಾಷೆ ಅರ್ಥ ಆಗಲ್ಲ ಮಾರಾಯ್ತಿ" ಎಂದರು. ಮೂವತ್ತು ವರ್ಷ ಭಾಷೆ ಪಾಠ ಮಾಡಿದವಳಿಗೆ ಈ ಮಾತು!

ಮೆರವಣಿಗೆ ಬಹಳ ಚೆನ್ನಾಗಿ ಆಯಿತು, ಇಲ್ಲವೆನ್ನಲಾರೆ. ಬಸ್‌ಸ್ಟ್ಯಾಂಡಿನಿಂದ ತಾಲ್ಲೂಕು ಕಚೇರಿಯವರೆಗೆ ಮರ ಹೊತ್ತು ನಡೆದರು. ಅಂಗಡಿಯವರು ಹೊರಗೆ ಬಂದು ಫೋಟೊ ಹೊಡೆದುಕೊಂಡರು. ಆಮೇಲೆ ಭಾಷಣ. ಸಾಗರದವರು ವರದಾ ನದಿ ಹುಟ್ಟುವ ವರದಮೂಲದಿಂದ ಹಿಡಿದು ಎಲ್ಲ ನದಿಗಳನ್ನೂ ಉಳಿಸಿದರು. ತೀರ್ಥಹಳ್ಳಿಯ ಮೇಳಿಗೆ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಇತಿಹಾಸ ಹೇಳುತ್ತಾ ಹೇಳುತ್ತಾ ಆಚೆಕೇರಿಗೆ ಬರುವ ಮೊದಲೇ ಅವರ ಊರಿನ ಕೊನೆಯ ಬಸ್ಸಿಗೆ ಹೊತ್ತಾಯಿತು. ಸಂಕ ಎಂಬ ಶಬ್ದ ಬಂದದ್ದು ನಿರೂಪಣೆ ಮಾಡುವವನ ಬಾಯಲ್ಲಿ ಮಾತ್ರ. ಗಡಿಬಿಡಿಯಲ್ಲಿ ಮದುವೆ ಮಾಡಿ ತಾಳಿ ಕಟ್ಟುವುದನ್ನೇ ಮರೆತರು ಎನ್ನುತ್ತಾರಲ್ಲ, ಹಾಗಾಯಿತು. ತಹಶೀಲ್ದಾರರು ಬಂದು ಮನವಿ ಪಡೆದು, ಮೇಲಿನವರಿಗೆ ಕಳಿಸುತ್ತೇನೆ ಎಂದರು. ಆದೇಶ ಬರುವ ತನಕ ಮರಗಳು ಅಲ್ಲೇ ಇರಲಿ, ಸರ್ಕಾರದ ಕಣ್ಣಿಗೆ ಚುಚ್ಚುತ್ತಿರಲಿ ಎಂದು ಕೈ ಎತ್ತಿ ಒಮ್ಮತದ ನಿರ್ಣಯವೂ ಆಯಿತು.

ಮಳೆ ಆ ವರ್ಷ ಬೇಗ ಹಿಡಿಯಿತು. ಮರಗಳು ಕಚೇರಿಯ ಅಂಗಳದಲ್ಲಿ, ಹಳ್ಳ ತನ್ನ ಜಾಗದಲ್ಲಿ. ಬೇರೆ ಮರ ಕಡಿಯೋಣವೆಂದರೆ ಉಳಿದದ್ದೆಲ್ಲ ಫಸಲಿನ ಮರ, ಯಾರು ಕೊಡುತ್ತಾರೆ? ಅಷ್ಟರಲ್ಲಿ ನೀರೂ ಏರಿತ್ತು. ಕಾಡು ಸುತ್ತಿ ಬರುವ ದಾರಿಯಲ್ಲಿ ಬೆಳಿಗ್ಗೆ ಹೊರಟರೆ ಶಾಲೆ ಮುಟ್ಟುವಾಗ ಮಕ್ಕಳ ಊಟದ ಹೊತ್ತು ಮೀರಿರುತ್ತದೆ. ಗಿರಿಜೆ ದಿನವೂ ದಡಕ್ಕೆ ಬಂದು ನಿಂತು ವಾಪಸ್ಸು ಹೋಗುತ್ತಿದ್ದಳು. ಆಚೆ ದಡದಲ್ಲಿ ಕೊಡೆ ಹಿಡಿದು ನಿಂತ ಅವಳ ಫೋಟೊವನ್ನು ಸಮಿತಿಯವರೇ ಹೋಗಿ ತೆಗೆದರು. ಅದು ಎಲ್ಲರ ಮೊಬೈಲಿಗೂ ಬಂತು. 'ಹೋರಾಟದ ಮುಖ' ಎಂದು ಅದರ ಕೆಳಗೆ ಬರೆದಿದ್ದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಅದೇ ಹೊತ್ತಿಗೆ ಸಮಿತಿ ಎರಡಾಯಿತು. ಸಿಮೆಂಟ್ ಸಂಕ ಬಂದರೆ ಹಿಂದೆಯೇ ರಸ್ತೆ ಬರುತ್ತದೆ, ರಸ್ತೆ ಬಂದರೆ ಕಾಡು ಹೋಗುತ್ತದೆ ಎಂದು ಸಾಗರದ ಕೆಲವರು ಬೇರೆಯಾದರು. ಮರದ ಸಂಕವೇ ನಮ್ಮ ಪರಂಪರೆ, ಅದನ್ನೇ ಉಳಿಸಬೇಕು ಎಂದರು. ಮೆರವಣಿಗೆಯಲ್ಲಿ ಮರ ಹೊರಿಸುವ ಉಪಾಯ ಹೊಳೆದದ್ದು ಹೀಗೆ ಬೇರೆಯಾದವರಲ್ಲೊಬ್ಬರಿಗೇ! ಆ ಪರಂಪರೆ ತಾಲ್ಲೂಕು ಕಚೇರಿಯ ಅಂಗಳದಲ್ಲಿ ಮಳೆಗೆ ನೆನೆಯುತ್ತಿದೆಯಲ್ಲ ಎಂದು ಯಾರೂ ಹೇಳಲಿಲ್ಲ.

ಮಳೆ ಸ್ವಲ್ಪ ಬಿಟ್ಟು ಹೊಳವಾದ ಒಂದು ದಿನ ಗಿರಿಜೆ ಕಾಡು ಸುತ್ತಿ ನಮ್ಮ ಮನೆಗೆ ಬಂದಳು. ಕಾಲೆಲ್ಲ ಕಾಡುಜಿಗಣೆ, ಅದೇ ಇಂಬಳ, ಕಚ್ಚಿದ ರಕ್ತ. ಕಚ್ಚಿದಲ್ಲಿಗೆ ಹಚ್ಚಲು ನಾನು ಸುಣ್ಣ ತರಲು ಒಳಗೆ ಹೋದೆ.

"ಕೆಲ್ಸ ಹೋಯ್ತು ಅಣ್ಣಾ" ಎನ್ನುವುದು ಕೇಳಿಸಿತು. "ಬೇರೆಯವ್ರನ್ನ ತಗಂಡ್ರು. ಮೇಷ್ಟ್ರು ಎಂತ ಮಾಡ್ತಾರೆ? ಚಳವಳಿ ಮುಗಿಯೋ ತನಕ ಮಕ್ಕಳ ಹೊಟ್ಟೆ ಕಾಯ್ತದಾ ಅಂದ್ರು. ಅದೂ ಹೌದೇ."

ಇವರು ನಿಜವಾಗಿಯೂ ಮರುಗಿದ ದನಿಯಲ್ಲಿ ಹೇಳಿದರು: "ಇದನ್ನೂ ಮನವಿಗೆ ಸೇರ್ಸಣ."

ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಸುಣ್ಣದ ಡಬ್ಬಿಯನ್ನೇ ಎಸೆಯಬೇಕಿತ್ತು. ಎಸೆಯಲಿಲ್ಲ, ಏಕೆಂದರೆ ಇವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬದುಕು ಎಷ್ಟು ಸಲೀಸಾಗಿರುತ್ತಿತ್ತು! ಇವರು ಜನರನ್ನು ಪ್ರೀತಿಸುತ್ತಾರೆ. ಆದರೆ ಎದುರಿಗೆ ಕೂತ ಒಬ್ಬಳನ್ನು ನೋಡಿದರೆ ಅವರ ಕಣ್ಣಿಗೆ ಅವಳು ಕಾಣುವುದಿಲ್ಲ, ಅವಳ ಹಿಂದೆ ನಿಂತ ಜನಸಾಗರ ಕಾಣುತ್ತದೆ. ಗಿರಿಜೆ ಚಹಾ ಕುಡಿದಳು, ಬೇಡವೆಂದರೂ ಲೋಟ ತೊಳೆದಿಟ್ಟಳು, ಹೊರಟಳು.

ಇನ್ನು ಕಹಿಯಾದ ಮಾತು ಹೇಳಬೇಕು. ಸಂಕ ಬಂತು. ಮರುವರ್ಷದ ಬೇಸಿಗೆಯಲ್ಲಿ ಮಂಜೂರಾಗಿ, ಮಳೆಗೆ ಮೊದಲೇ ಮುಗಿಯಿತು. ಗಟ್ಟಿ ಸಿಮೆಂಟು, ಎರಡೂ ಕಡೆ ಕಬ್ಬಿಣದ ಕಂಬಿ. ಮೆರವಣಿಗೆ ಆಗದಿದ್ದರೆ ಬರುತ್ತಿತ್ತೇ? ನಾನು ಎಷ್ಟೇ ಹಲ್ಲು ಕಡಿದರೂ, ಬರುತ್ತಿರಲಿಲ್ಲ. ಈಗ ಆಚೆಕೇರಿಯ ಮಕ್ಕಳು ಅದರ ಮೇಲೆ ಓಡಿಕೊಂಡು ಶಾಲೆಗೆ ಹೋಗುತ್ತಾರೆ. ಗಿರಿಜೆಯೂ ದಾಟುತ್ತಾಳೆ, ರೇಷನ್ ಅಕ್ಕಿ ತರಲು. ಈಚೆ ದಡದಲ್ಲಿ ಅವಳಿಗೆ ಬೇರೆ ಕೆಲಸವಿಲ್ಲ.

ಉದ್ಘಾಟನೆಯ ದಿನ ಅವಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದರು. ಎರಡು ಮಾತಾಡಬೇಕು ಎಂದು ಮೈಕಿನ ಮುಂದೆ ನಿಲ್ಲಿಸಿದರು. ಅವಳು, "ಸಂಕ ಚೆನ್ನಾಗೈತೆ. ನಮ್ ಹಳೇ ಮರ ಆಫೀಸಿನ ಹತ್ರನೇ ಬಿದ್ದಾವೆ. ಅದನ್ನ ತಂದ್ಕೊಟ್ರೆ ಬಚ್ಚಲ ಒಲೆಗಾದ್ರೂ ಆಗ್ತಿತ್ತು" ಎಂದಳು. ಜನ ಚಪ್ಪಾಳೆ ಹೊಡೆದರು. ಇವರು ಮೈಕು ತೆಗೆದುಕೊಂಡು, ಆ ಮರಗಳು ನಮ್ಮ ಹೋರಾಟದ ಸ್ಮಾರಕ, ಅವು ಅಲ್ಲಿಯೇ ಇರಬೇಕು ಎಂದು ಘೋಷಿಸಿದರು. ಅದಕ್ಕೂ ಚಪ್ಪಾಳೆ. ಈಗ ಅವುಗಳ ಮೇಲೆ ಪಹಣಿಗೆ ಬಂದವರು ಕೂತು ಕಾಯುತ್ತಾರೆ.

ಮೊನ್ನೆ ಇವರು ಊಟಕ್ಕೆ ಕೂತಾಗ ಹೊಸ ಸುದ್ದಿ ಹೇಳಿದರು. ಗಿರಿಜೆಯ ಕೆಲಸ ವಾಪಸ್ಸು ಕೊಡಿಸಲು ಒಂದು ಸಮಿತಿ ಆಗಿದೆಯಂತೆ. ಮೂರೂ ತಾಲ್ಲೂಕಿನಿಂದ ಜನ ಬರುತ್ತಾರಂತೆ. ಮರುದಿನ ಸಂತೆಯಲ್ಲಿ ಗಿರಿಜೆಯೇ ಸಿಕ್ಕಿದಳು. ವಿಷಯ ಹೇಳಿದೆ. ಅವಳ ಮುಖದಲ್ಲಿ ಖುಷಿಯನ್ನು ಹುಡುಕಿದೆ. ಅವಳು ಕೈಚೀಲ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ನಂಗೋಸ್ಕರ ಹೋರಾಟ ಮಾಡದಾದ್ರೆ ಎರಡು ದಿನ ಮುಂಚೆ ಹೇಳಕ್ಕೆ ಹೇಳಿ ಅಣ್ಣಂಗೆ. ಪಾತ್ರೆ, ಕೊಡ, ಒರಳು ಎಲ್ಲ ಒಳಗೆ ಇಟ್ಕೊಂಡು ಬಾಗ್ಲು ಹಾಕ್ಕಂತೀನಿ."

ನಗಲಿಲ್ಲ ಅವಳು. ನನಗೂ ನಗು ಬರಲಿಲ್ಲ.

ಮನೆಗೆ ಬಂದವಳೇ ಗೂಟದ ಮೇಲಿದ್ದ ಹಸಿರು ಶಾಲನ್ನು ತೆಗೆದೆ. ಸೋಪು ಹಾಕಿ ಚಹಾದ ಕಲೆಯೆಲ್ಲ ಹೋಗುವ ಹಾಗೆ ಉಜ್ಜಿದೆ, ಗಂಜಿ ಹಾಕಿ ಒಣಗಿಸಿದೆ. ಆಮೇಲೆ ಇಸ್ತ್ರಿಪೆಟ್ಟಿಗೆ ಕಾಯಿಸಿ, ಒಂದೇ ಒಂದು ಮುದುಡು ಉಳಿಯದಂತೆ ಗರಿಗರಿಯಾಗಿ ತೀಡಿ, ನಾಲ್ಕು ಮಡಿಕೆ ಮಾಡಿ ಇವರ ಮೇಜಿನ ಮೇಲಿಟ್ಟೆ. ಇಸ್ತ್ರಿ ಮಾಡಿದ ಶಾಲನ್ನು ಜನ ನಂಬುವುದಿಲ್ಲವಂತೆ. ನಂಬದಿರಲಿ.