ಮೂರು ನೀರಿನಲ್ಲಿ ತೊಳೆದ ರಕ್ತ

ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿ ಎಂಟು ದಿನವಾಯಿತು. ನಾನು ಒತ್ತುವುದು ಒಂದೇ ಬೆರಳಲ್ಲಿ. "ಅಜ್ಜಿ, ಕೋಳಿ ಕಾಳು ಕುಕ್ಕಿದಂಗ ಕುಕ್ಕಾಕತ್ತೀ ನೋಡು," ಎಂದು ನಗುತ್ತಾಳೆ. ಮೊದಲು ಏನು ಬರೆಯುತ್ತೀ ಎಂದು ಕೇಳಿದಳು. ಪುಂಡಿಪಲ್ಯ ಮಾಡುವುದು ಹೇಗೆ ಅಂತ ಬರೆಯುತ್ತೇನೆ ಅಂದೆ. ಸುಳ್ಳು. ನಾನು ಬರೆಯಬೇಕಾದದ್ದು ಅವಳ ಅಕ್ಕನ ಬಗ್ಗೆ. ಆ ಅಕ್ಕ ಭೂಮಿಯ ಮೇಲೆ ಇದ್ದದ್ದು ಹತ್ತೊಂಬತ್ತು ದಿನ.

ಆಗ ನಾವು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿದ್ದೆವು. ನಮ್ಮ ಯಜಮಾನರದು ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರಿ. ಅವರು ಹೊಲಗಳಿಗೆ ನೀರು ಬಿಡುತ್ತಿದ್ದರು, ನಾನು ಕ್ಯಾಂಪಿನ ಕೂಸುಗಳಿಗೆ ನೀರು ಎರೆಯುತ್ತಿದ್ದೆ. ಯಾರ ಮನೆಯಲ್ಲಿ ಹೆರಿಗೆಯಾದರೂ ನನಗೇ ಕರೆ. ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಮೊಣಕೈ ಅದ್ದಿ ನೀರಿನ ಹದ ನೋಡಿ ಎರೆಯಬೇಕು. ಎರೆದ ಮೇಲೆ ಕೆಂಡಕ್ಕೆ ಲೋಬಾನ ಹಾಕಿ ಹೊಗೆ ಕೊಟ್ಟು, ತಲೆಗೆ ಕುಂಚಿಗೆ ಕಟ್ಟಿ, ಗಾಳಿ ಸೋಕದ ಹಾಗೆ ಸುತ್ತಬೇಕು. ಹಸಿ ಕೂಸಿಗೆ ತಣ್ಣಗಿರುವುದು ಯಾವುದೂ ಮುಟ್ಟಬಾರದು, ಇದು ನನ್ನ ಕಾನೂನು. ಚಳಿಗಾಲದಲ್ಲಿ ಮಗನನ್ನು ಎತ್ತಿಕೊಳ್ಳಲು ಬಂದ ಎಂಜಿನಿಯರ್ ಸಾಹೇಬರಿಗೇ, "ಮೊದಲ ಒಲಿ ಮುಂದ ಕುಂತು ಕೈ ಕಾಸ್ಕೊಂಡು ಬರ್ರಿ," ಎಂದು ಗದರಿಸಿದವಳು ನಾನು. ಅವರು ಕಾಸಿಕೊಂಡೇ ಬಂದರು.

ಮಗಳನ್ನು ಸುರಪುರಕ್ಕೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ ಏಳು ತಿಂಗಳಿಗೇ ಯಾದಗಿರಿಯ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣು ಕೂಸು, ನನ್ನ ಅಂಗೈಯಿಂದ ಮೊಣಕೈ ತನಕ ಬರುವಷ್ಟು. ಅದನ್ನು ಗಾಜಿನ ಪೆಟ್ಟಿಗೆಯೊಳಗೆ ಬೆಚ್ಚಗೆ ಇಟ್ಟರು. ಎರೆಯುವುದು ಯಾವಾಗ ಎಂದು ನಾನು ದಿನಾ ಕೇಳುತ್ತಿದ್ದೆ. ನರ್ಸಮ್ಮ ಒಂದು ದಿನ ಬೇಸತ್ತು, "ಇದು ಎರಿಯೋ ಕೂಸಲ್ಲಬೇ, ಕಾಯೋ ಕೂಸು," ಅಂದಳು.

ಹದಿನೆಂಟನೆಯ ದಿನ ಡಾಕ್ಟರಮ್ಮ ಮಗಳನ್ನೂ ಅಳಿಯನನ್ನೂ ನನ್ನನ್ನೂ ಕರೆದರು. ಕೂಸಿನ ರಕ್ತ ಬಹಳ ಇಳಿದಿತ್ತು, ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅದಕ್ಕೆ ಹೊಂದುವ ಗುಂಪಿನ ಹೊಸ ರಕ್ತ ಎಲ್ಲೂ ಸಿಗಲಿಲ್ಲ. ಕಲಬುರಗಿಯಲ್ಲಿ ಒಂದೇ ಒಂದು ಚೀಲ ಇತ್ತು, ಬಹಳ ದಿನ ಇಟ್ಟಿದ್ದು.

"ಇಟ್ಟ ರಕ್ತದಾಗ ಉಪ್ಪಿನಂಥ ಅಂಶ ಕಣದಿಂದ ಹೊರಗ ಬಂದು ನಿಂತಿರ್ತದರಿ," ಅಂದರು ಡಾಕ್ಟರಮ್ಮ. "ನಮ್ಮಂಥ ದೊಡ್ಡವರು ತಡೀತೀವಿ. ಇಂಥ ಕೂಸಿನ ಎದಿ ನಿಂತುಬಿಡ್ತದ. ಅದಕ್ಕ ತೊಳದು ಕೊಡಬೇಕು. ಕಲಬುರ್ಗ್ಯಾಗ ತೊಳೀತಾರ."

"ರಕ್ತಾನೂ ತೊಳೀತಾರೇನ್ರಿ?" ಅಂದೆ. "ಹಂಗಾದ್ರ ನಮ್ಮ ಅಳಿಯ ದೇವರನ್ನೂ ಅಲ್ಲೇ ಕೊಡ್ತೀನಿ, ಮದುವ್ಯಾದಾಗಿಂದ ಆ ಅಂಗಿ ತೊಳದಿಲ್ಲ."

ಮಗಳು ಸಣ್ಣಗೆ ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕದ್ದು ಅದೊಂದೇ ಸಲ.

ಮರುದಿನ ಬೆಳಗಿನ ರೈಲಿಗೆ ನಾನೂ ಅಳಿಯನೂ ಹೋದೆವು. ರಕ್ತನಿಧಿಯಲ್ಲಿ ಕನ್ನಡಕದ ಹುಡುಗಿಯೊಬ್ಬಳು ಕೆಲಸ ಮಾಡುತ್ತಿದ್ದಳು. ನಾನು ಗಾಜಿಗೆ ಮೂಗು ಒತ್ತಿ ನಿಂತೆ. ಚೀಲವನ್ನು ಗಿರಗಿರ ತಿರುಗುವ ಯಂತ್ರದೊಳಗೆ ಇಟ್ಟಳು. ಹೊರಗೆ ತೆಗೆದಾಗ ಕೆಂಪು ಕೆಳಗೆ ಕುಳಿತಿತ್ತು, ಮೇಲೆ ಹಳದಿ ನೀರು. ಆ ನೀರನ್ನು ಹಿಂಡಿ ತೆಗೆದು, ಸಲೈನ್ ತುಂಬಿಸಿ, ಮತ್ತೆ ತಿರುಗಿಸಿದಳು. ಹೀಗೆ ಮೂರು ಸಲ. ಕಾಲುವೆ ಬಂದ ಮೇಲೆ ನಮ್ಮ ಕಡೆ ಭತ್ತ ಬಂತು. ಜೋಳದ ರೊಟ್ಟಿಯ ಜನ ನಾವು ಆಗಲೇ ಅಕ್ಕಿಯನ್ನು ಮೂರು ನೀರಿನಲ್ಲಿ ತೊಳೆಯುವುದು ಕಲಿತದ್ದು.

ಅವಳು ಹೊರಗೆ ಬಂದಾಗ, "ನಮ್ಮ ಅಕ್ಕಿ ಲೆಕ್ಕಾನ ನಿಂದೂ," ಅಂದೆ.

"ಹೌದಬೇ, ಆದ್ರ ಇದು ಲಗೂನ ಕೆಡ್ತದ," ಎಂದು ನಕ್ಕು, ಐಸಿನ ಜೊತೆ ಥರ್ಮಾಕೋಲ್ ಡಬ್ಬಿಯಲ್ಲಿ ಇಟ್ಟು ಕೊಟ್ಟಳು. "ಆಸ್ಪತ್ರಿ ಮುಟ್ಟೋತನ ಮುಚ್ಚಳ ತಗೀಬ್ಯಾಡ್ರಿ."

ಹೂಂ ಅಂದೆ.

ರೈಲಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಎಷ್ಟೋ ದಿನದಿಂದ ನಿದ್ದೆಯಿಲ್ಲದ ಅಳಿಯ ಕಿಟಕಿಗೆ ತಲೆಯಾನಿಸಿ ಮಲಗಿಬಿಟ್ಟ. ಡಬ್ಬಿಯ ತಂಪು ಸೀರೆ ದಾಟಿ ನನ್ನ ತೊಡೆಗೆ ಹತ್ತಿತು. ವಾಡಿ ಜಂಕ್ಷನ್ ಬಿಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. ಮುಚ್ಚಳ ಸರಿಸಿ ಒಂದು ಬೆರಳು ಇಟ್ಟೆ. ಕೊರೆಯುತ್ತಿತ್ತು. ಇಷ್ಟು ತಣ್ಣಗಿನದು ಆ ಹಿಡಿಯಷ್ಟು ಕೂಸಿನ ಒಳಗೆ ಹೋಗುವುದೇ? ಹೊರಗೆ ಗಾಜಿನ ಪೆಟ್ಟಿಗೆ ಕಾಸಿ ಇಡುವವರು ಒಳಗೆ ಐಸು ಬಿಡುತ್ತಾರೆಯೇ? ಓದಿದವರಿಗೆ ಬಾಣಂತನ ಏನು ಗೊತ್ತು ಅಂದುಕೊಂಡೆ. ಚೀಲ ತೆಗೆದು, ಸೆರಗಿನಲ್ಲಿ ಸುತ್ತಿ, ಕುಪ್ಪಸದ ಕೆಳಗೆ ಹೊಟ್ಟೆಗೆ ಒತ್ತಿಕೊಂಡೆ. ಮೇಲೆ ಶಾಲು ಹೊದ್ದೆ. ಮೊದಲು ಮೈ ಜುಮ್ಮೆಂದಿತು. ಯಾದಗಿರಿ ಬರುವಷ್ಟರಲ್ಲಿ ಅದು ನನ್ನ ಮೈಯಷ್ಟೇ ಬೆಚ್ಚಗಾಗಿತ್ತು. ಕೂಸನ್ನೇ ಅವಚಿಕೊಂಡಷ್ಟು ಸಮಾಧಾನವಾಯಿತು.

ಆಟೋದಲ್ಲಿ ಅಳಿಯ ಖಾಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು ಕುಳಿತಿದ್ದ. ಅವನಿಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ಡಬ್ಬಿ ತೆಗೆದು ಗಾಬರಿಯಾದರು. "ಚೀಲ ಎಲ್ಲಿ?"

"ಇಲ್ಲೇ ಅದರಿ!" ಎಂದು ನಾನು ಸೆರಗಿನೊಳಗಿಂದ ತೆಗೆದೆ. "ಬೆಚ್ಚಗ ಮಾಡ್ಕೊಂಡ್ ತಂದೀನಿ."

ಅವರು ಚೀಲ ಮುಟ್ಟಿದರು. ಆಮೇಲೆ ನನ್ನ ಮುಖ ನೋಡಿದರು.

"ಎಷ್ಟೊತ್ತಾತು?"

"ವಾಡಿ ಬಿಟ್ಟಾಗಿಂದ್ರಿ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ನರ್ಸಮ್ಮನ ಕೈಗೆ ಕೊಟ್ಟು, "ಇದು ಬ್ಯಾಡ, ಬಾಜೂಕಿಡು," ಅಂದರು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ತೊಳದ ರಕ್ತ ಬೆಚ್ಚಗಾದ್ರ ಅದರಾಗ ಕ್ರಿಮಿ ಬೆಳೀತಾವಬೇ. ಇದನ್ನ ಕೂಸಿಗಿ ಕೊಡಾಕ ಬರಂಗಿಲ್ಲ. ಕೊಡೋ ಹೊತ್ತಿಗಿ ಎಷ್ಟು ಬೇಕೋ ಅಷ್ಟು ಹದಕ್ಕ ನಾವ ತರ್ತಿದ್ವಿ."

ಮಗಳು ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. ಮುಖ ಆಚೆ ತಿರುಗಿಸಿದಳು.

ಇನ್ನೊಂದು ಚೀಲ ರಾಯಚೂರಿನಲ್ಲಿದೆ ಎಂದು ಫೋನು ಬಂತು. ಅಳಿಯ ಓಡಿದ. ಅಲ್ಲಿ ಮತ್ತೆ ಮೂರು ನೀರು ಆಗಬೇಕಲ್ಲ. ಅವನು ಬಂದು ಮುಟ್ಟುವ ಮೊದಲೇ, ದೀಪ ಹಚ್ಚುವ ಹೊತ್ತಿಗೆ, ಕೂಸು ಹೋಯಿತು. ಬಹಳ ಸೋತಿತ್ತು, ರಕ್ತ ಕೊಟ್ಟಿದ್ದರೂ ಉಳಿಯುತ್ತಿತ್ತು ಅಂತ ಹೇಳಲಾರೆ ಎಂದರು ಡಾಕ್ಟರಮ್ಮ. ಒಳ್ಳೆಯ ಹೆಣ್ಣುಮಗಳು. ಆ ಮಾತನ್ನು ನಾನು ಇವತ್ತಿಗೂ ಪೂರ್ತಿ ನಂಬಿಲ್ಲ.

ಕ್ಯಾಂಪಿಗೆ ತಂದೆವು. ಬೆಳಿಗ್ಗೆ ಮಣ್ಣು ಮಾಡುವ ಮೊದಲು ಎರೆಯಬೇಕಿತ್ತು. ನಾನು ನೀರು ಕಾಸಿದೆ. ಯಜಮಾನರು ಬಾಗಿಲಲ್ಲಿ ನಿಂತು, "ಇನ್ನ ಯಾಕ ಕಾಸ್ತೀ?" ಅಂದರು. ಬಚ್ಚಲಲ್ಲಿ ಕಾಲು ಚಾಚಿ ಕುಳಿತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡೆ. ಕ್ಯಾಂಪಿನ ಕೂಸುಗಳೆಲ್ಲ ಮಲಗಿದ ಆ ಕಾಲ ಮೇಲೆ ನನ್ನ ಮೊಮ್ಮಗಳು ಮಲಗಿದ್ದು ಅದೇ ಮೊದಲು. ಕೈ ತಂಬಿಗೆಗೆ ಹೋಗಲಿಲ್ಲ. ಈ ಕೈಗೆ ಇನ್ನು ಏನು ಹಕ್ಕು ಅಂತ ಕುಳಿತೇ ಇದ್ದೆ.

ಮಗಳು ಬಂದು ಪಕ್ಕದಲ್ಲಿ ಕುಳಿತಳು. ಹಿಂದಿನ ಮಧ್ಯಾಹ್ನದಿಂದ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ.

"ಅವ್ವಾ, ಮೊಣಕೈ ಅದ್ದಿ ನೋಡೀಯೇನು?"

"ನೋಡೀನವ್ವ. ಹದ ಅದ."

ಅವಳೇ ತಂಬಿಗೆ ತುಂಬಿ ನನ್ನ ಕೈಗೆ ಕೊಟ್ಟಳು. "ಹಂಗಾದ್ರ ಎರಿ."

ಎರೆದೆ. ಕಿವಿಯೊಳಗೆ ನೀರು ಹೋಗದ ಹಾಗೆ ಕೈ ಅಡ್ಡ ಹಿಡಿದು ಎರೆದೆ.