ಮೊದಲ ಹುಳು ಎತ್ತಿದ ಕೈ

ಚುನಾವಣೆ ಹತ್ತಿರವಿದ್ದ ಬೇಸಿಗೆ ಅದು. ಇಷ್ಟು ಖಚಿತ. ಉಳಿದ ವಿವರಗಳಲ್ಲಿ ಕೆಲವು ತಪ್ಪಿರಬಹುದು. ಶಾಹಿನಾ ಬಂದದ್ದು ಹತ್ತು ಗಂಟೆಯ ಬಸ್ಸಿಗೋ ಹನ್ನೊಂದರದ್ದಕ್ಕೋ, ಆ ದಿನ ಶನಿವಾರವೋ ಭಾನುವಾರವೋ, ಇವೆಲ್ಲ ನನ್ನ ತಲೆಯಲ್ಲಿ ಒಮ್ಮೆ ಒಂದು ಥರ, ಇನ್ನೊಮ್ಮೆ ಇನ್ನೊಂದು ಥರ ಇವೆ. ನಾನು ಕಾಲೇಜು ದಿನಗಳಿಂದ ದಿನಚರಿ ಬರೆಯುವವಳು. ಆ ದಿನದ ಪುಟದಲ್ಲಿ ‘ಹೊಂಗನೂರು. ಹುಳು ಹಣ್ಣಾಯಿತು. ಬಿಸಿಲು’ ಎಂದಷ್ಟೇ ಇದೆ. ಸಾಮಾನ್ಯವಾಗಿ ಎರಡು ಪುಟ ತುಂಬಿಸುವವಳು ಅಂದು ಅಷ್ಟಕ್ಕೇ ನಿಲ್ಲಿಸಿದ್ದೇನೆ. ದಿನಚರಿಗೂ ಹೇಳಲಾಗದ್ದೇನೋ ಇತ್ತು ಎಂದೇ ಅದರ ಅರ್ಥ.

ಹೊಂಗನೂರಿನಲ್ಲಿರುವುದು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಪಿಯುಸಿ ಎರಡು ವರ್ಷ ನಾನು ಅವರ ಮನೆಯಲ್ಲೇ ಇದ್ದು ಚನ್ನಪಟ್ಟಣಕ್ಕೆ ಬಸ್ಸಿನಲ್ಲಿ ಓಡಾಡಿದವಳು. ಆಮೇಲೆ ಮೈಸೂರಿನಲ್ಲಿ ಇತಿಹಾಸ ಎಂ.ಎ. ಮಾಡಿ ಈಗ ರಾಮನಗರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ದೊಡ್ಡಮ್ಮನಿಗೆ ಹೆಣ್ಣುಮಕ್ಕಳಿಲ್ಲ. ಆ ಜಾಗ ನನ್ನದೇ ಎಂದು ನಾನು ತಿಳಿದುಕೊಂಡಿದ್ದೆ.

ದೊಡ್ಡಮ್ಮ ರೇಷ್ಮೆ ಹುಳು ಸಾಕುತ್ತಾರೆ. ಹುಳುಮನೆಯೊಳಕ್ಕೆ ಕಂಡಕಂಡವರನ್ನು ಬಿಡುವುದಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ತಟ್ಟೆ ಇರುತ್ತದೆ. ಅದರಲ್ಲಿ ಕಾಲು ಅದ್ದಿಯೇ ಒಳಗೆ ಹೋಗಬೇಕು. ಆದರೆ ಹುಳು ಹಣ್ಣಾದ ದಿನ ಮನೆಯ ಜನ ಸಾಲುವುದಿಲ್ಲ. ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ ಆಡಿಸುವ ಹುಳುಗಳನ್ನು ತಡಮಾಡದೆ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಅವತ್ತು ಬೇಕಾದವರನ್ನು ಹೇಳಿಕಳಿಸಿ ಕರೆಸುತ್ತಾರೆ. ಮೊದಲ ಹುಳು ಎತ್ತಿ ಬಿಡುವವರ ಕೈಗುಣ ಚೆನ್ನಾಗಿದ್ದರೆ ಬೆಳೆ ಚೆನ್ನಾಗಿ ಬರುತ್ತದೆ ಎಂಬುದು ದೊಡ್ಡಮ್ಮನ ನಂಬಿಕೆ.

ನಾನು ಪಿಯುಸಿಯಲ್ಲಿದ್ದಾಗ ಒಮ್ಮೆ ಮೊದಲ ಹುಳು ಎತ್ತಿದ್ದೆ. ಆ ಸಲ ರೋಗ ಬಂದು ಅರ್ಧಕ್ಕರ್ಧ ಹುಳು ಗೂಡು ಕಟ್ಟದೆ ಸತ್ತವು. ಮುಂದಿನ ಬೆಳೆಗೆ ದೊಡ್ಡಮ್ಮ ಶಾಹಿನಾಳನ್ನು ಕರೆದು, “ನೀನು ಎತ್ತವ್ವ” ಅಂದರು. ಆ ಬೆಳೆ ಬಂಗಾರದಂತೆ ಬಂತು. ಅಲ್ಲಿಂದ ಅವಳೇ ಖಾಯಂ.

ಶಾಹಿನಾ ಅದೇ ಊರಿನವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಅವಳ ತಾಯಿ ದೊಡ್ಡಮ್ಮನ ತೋಟಕ್ಕೆ ಸೊಪ್ಪು ಕೊಯ್ಯಲು ಬರುತ್ತಿದ್ದರು. ಮದುವೆಯಾಗಿ ಚನ್ನಪಟ್ಟಣ ಸೇರಿ, ಗಂಡನ ಜೊತೆ ಗೊಂಬೆಗೆ ಬಣ್ಣ ಹಾಕುವ ಕೆಲಸ ಹಿಡಿದ ಮೇಲೂ ಹುಳು ಹಣ್ಣಾಯಿತೆಂದರೆ ದೊಡ್ಡಮ್ಮನ ಮೊದಲ ಫೋನು ಅವಳಿಗೇ. ಎರಡನೆಯದು ನನಗೆ. ಕೈಗುಣ, ದೃಷ್ಟಿ, ಇವು ಯಾವುದನ್ನೂ ನಂಬದ ನಾನು, ನಾನೇ ನಂಬದ ಆ ಕೈಗುಣ ನನ್ನಲ್ಲಿಲ್ಲ ಎಂದು ವರ್ಷಗಟ್ಟಲೆ ಒಳಗೊಳಗೇ ಉರಿದೆ.

ಆ ದಿನ ನಾನು ಬೆಳಿಗ್ಗೆಯೇ ಹೋದೆ. ದೊಡ್ಡಮ್ಮನ ಮಗ ಪುಟ್ಟರಾಜಣ್ಣ ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದ.

“ಮೇಡಮ್ಮು ಬಂದ್ರು. ಹುಳುಗಳೆಲ್ಲಾ ಎದ್ದು ನಿಂತ್ಕಳ್ರಪ್ಪಾ” ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, “ನೋಡಮ್ಮಿ ಇಲ್ಲಿ, ಏನೇನ್ ಬತ್ತಾ ಐತೆ” ಎಂದು ಫೋನು ನನ್ನ ಮುಂದೆ ಹಿಡಿದ. ಆಗ ಎಲ್ಲರ ಫೋನಿನಲ್ಲೂ ಓಡಾಡುತ್ತಿದ್ದಂಥ ಸಂದೇಶಗಳೇ. ಅವರ ಅಂಗಡಿಗೆ ಹೋಗಬೇಡಿ, ಅವರನ್ನು ಮನೆಯೊಳಗೆ ಬಿಡಬೇಡಿ.

“ಇದೆಲ್ಲಾ ಸುಳ್ಳಣ್ಣ” ಅಂದೆ. ಅಂದೆನೆಂದು ನನ್ನ ನೆನಪು.

“ಸುಳ್ಳೇ ಇರ್ಲಿ. ಊರೋರು ನನ್ನೇ ಕೇಳ್ತವ್ರೆ. ನಿಮ್ಮ ಹುಳುಮನೆಗೆ ಆಯಮ್ಮನೇ ಬರ್ಬೇಕಾ, ಬೇರೆ ಯಾರೂ ಸಿಕ್ಕಲ್ವಾ ಅಂತಾರೆ. ಅವ್ವಂಗೆ ಹೇಳುದ್ರೆ ಪೊರಕೆ ತಗತದೆ. ನೀನು ಓದ್ದೋಳು. ನೀನೇ ಹೇಳು, ಈ ಸಲ ಆಯಮ್ಮನ್ನ ಒಳಕ್ಕೆ ಬುಡದಾ, ಬ್ಯಾಡ್ವಾ?”

ಅದೇ ವಾರ ನಾನು ತರಗತಿಯಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದದ ಪಾಠ ಮಾಡಿದ್ದೆ. ಬಿಳಿಯರ ಬೆಂಚು, ಕರಿಯರ ಬೆಂಚು. “ಆ ಥರ ನಮ್ಮಲ್ಲಿ ಇಲ್ಲ ಅಲ್ವಾ ಮೇಡಂ?” ಎಂದು ಒಬ್ಬ ಹುಡುಗಿ ಕೇಳಿದಾಗ, ಪುಸ್ತಕ ಮುಚ್ಚಿಟ್ಟು ಗಂಟೆ ಹೊಡೆಯುವವರೆಗೂ ಮಾತಾಡಿದ್ದೆ. ಒಳ್ಳೆಯ ಪಾಠ ಎಂದು ನನಗೇ ಅನ್ನಿಸಿತ್ತು. ಪುಟ್ಟರಾಜಣ್ಣನಿಗೆ ಅದರಲ್ಲಿ ಒಂದು ವಾಕ್ಯ ಹೇಳಿದ್ದರೂ ಸಾಕಿತ್ತು. ಅವನು ಕೆಟ್ಟವನಲ್ಲ, ಯಾರಾದರೂ ತಡೆಯಲಿ ಎಂದೇ ಕೇಳಿದನೇನೋ.

ನಾನು ಹೇಳಿದ್ದು ಇದು: “ಹೋದ ಬೆಳೆ ಕೆಟ್ಟಿದ್ದೂ ಅವಳು ಬಂದು ಹೋದ ಮೇಲೇ ಅಲ್ವಾ?”

ಅದನ್ನು ಪ್ರಶ್ನೆಯಾಗಿ ಕೇಳಿದೆ ಎಂದು ನೆನಪು. ಹಾಗೆ ನೆನಪಿಟ್ಟುಕೊಳ್ಳುವುದು ನನಗೆ ಅನುಕೂಲ ಕೂಡ; ಆದ್ದರಿಂದ ಆ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಹೋದ ಬೆಳೆ ಕೆಟ್ಟದ್ದು ಪಕ್ಕದ ಹೊಲದವರು ಟೊಮ್ಯಾಟೊಗೆ ಹೊಡೆದ ಔಷಧಿ ನಾವು ಹುಳುವಿಗೆ ಕೊನೆಗೆ ಹಾಕಿದ ಸೊಪ್ಪಿನ ಮೇಲೆ ಬಿದ್ದದ್ದರಿಂದ. ಅವರ ಜೊತೆ ಜಗಳಕ್ಕೆ ಹೋದವನೇ ಪುಟ್ಟರಾಜಣ್ಣ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. “ಹಂಗಾರೆ ಸರಿ ಬುಡು” ಅಂದ.

ಶಾಹಿನಾ ಬಂದಳು. ಚಪ್ಪಲಿ ಬಿಟ್ಟು, ಯಾವಾಗಿನಂತೆ ನೇರ ನೀರಿನ ತಟ್ಟೆಯೊಳಗೆ ಕಾಲಿಟ್ಟಳು. ಪುಟ್ಟರಾಜಣ್ಣ ಬಾಗಿಲಿಗೆ ಅಡ್ಡ ನಿಂತ.

“ಈ ಸಲ ಬ್ಯಾಡ ಕಣಮ್ಮಿ. ಹುಳಕ್ಕೆ ರೋಗ ತಗಲ್ತದೆ. ಹೊರಗ್ನೋರು ಯಾರೂ ಬ್ಯಾಡ ಅಂತ ಮಾಡಿವಿ.”

ಅವಳು ತಮಾಷೆ ಎಂದುಕೊಂಡಳು. “ಓಹೋ, ನಾನ್ಯಾವಾಗ ಹೊರಗ್ನೋಳಾದೆ? ಸರೀರಣ್ಣ ಆ ಕಡೆ, ಹುಳ ಕಾಯ್ತವೆ” ಅಂದಳು. ಅವನು ಸರಿಯಲಿಲ್ಲ. ಅವಳ ನಗು ಇಳಿಯಿತು. ತಟ್ಟೆಯೊಳಗೆ ನಿಂತಂತೆಯೇ ನನ್ನ ಕಡೆ ತಿರುಗಿ, “ಅಕ್ಕಾ, ನೀನಾದ್ರೂ ಹೇಳು” ಅಂದಳು.

“ಈ ಸಲ ಒಸಿ ಹುಷಾರಾಗಿರ್ಬೇಕು ಅಂತವ್ರೆ ಕಣೆ” ಅಂದೆ ನಾನು.

ಅವಳು ಒದ್ದೆ ಕಾಲಿನಲ್ಲೇ ಚಪ್ಪಲಿ ಮೆಟ್ಟಿ, ಚೀಲದಿಂದ ಮಾತ್ರೆಯ ಪೊಟ್ಟಣ ತೆಗೆದು ಜಗಲಿಯ ಮೇಲಿಟ್ಟಳು. “ದೊಡ್ಡವ್ವಂಗೆ ಕೊಡಿ. ಬೆಳಗ್ಗೆ ಒಂದು, ತಿಂಡಿ ಆದ್ಮೇಲೆ. ಬಿಳೀದು ಅರ್ಧ ಸಾಕು” ಎಂದು ಹೇಳಿ ಹೋದಳು.

ದೊಡ್ಡಮ್ಮನಿಗೆ ಬಿಪಿ ಇದೆ, ಮಾತ್ರೆ ನುಂಗುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬರೆಯಲು ಕಷ್ಟವಾದರೂ ಬರೆಯುತ್ತೇನೆ: ಆ ಗಳಿಗೆಯಲ್ಲಿ ನಾಚಿಕೆಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಇದೂ ಇವಳಿಗೇ ಗೊತ್ತಾ, ಎಂದುಕೊಂಡೆ.

ಒಳಗೆ ದೊಡ್ಡಮ್ಮ ಚಂದ್ರಿಕೆ ಹಾಸಿಕೊಂಡು ಕಾಯುತ್ತಿದ್ದರು. ಅಂಗೈ ಮೇಲೆ ಒಂದು ಹಣ್ಣಾದ ಹುಳು. “ಶಾಹಿನಾ ದನಿ ಕೇಳ್ದಂಗಾಯ್ತಲ್ಲ?”

“ಬರಾಕಾಗಕಿಲ್ವಂತೆ ಕಣವ್ವ. ಮಾತ್ರೆ ಕೊಟ್ಟು ಹೋದ್ಲು” ಅಂದ ಪುಟ್ಟರಾಜಣ್ಣ.

ದೊಡ್ಡಮ್ಮ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆಮೇಲೆ ಕೈ ಚಾಚಿ, “ತಗಾ ಮಗ, ನೀನೇ ಬುಡು” ಅಂದರು. ಹುಳು ನನ್ನ ಬೆರಳಿಗೆ ಬಂತು. ತಣ್ಣಗಿತ್ತು. ಅದನ್ನು ಚಂದ್ರಿಕೆಗೆ ಬಿಟ್ಟೆ. ಎಷ್ಟೋ ವರ್ಷದಿಂದ ಬೇಕಾಗಿದ್ದದ್ದು ಸಿಕ್ಕಿತ್ತು.

ಆ ಬೆಳೆ ತುಂಬಾ ಚೆನ್ನಾಗಿ ಬಂತು. ಕೆಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಗೂಡಿನ ಮಾರ್ಕೆಟ್ಟಿನಿಂದ ಬಂದ ಪುಟ್ಟರಾಜಣ್ಣ ಬೀದಿಯವರಿಗೆಲ್ಲ “ನಮ್ಮ ಮೇಡಮ್ಮಿನ ಕೈಗುಣ” ಎಂದು ಹೇಳಿಕೊಂಡು ತಿರುಗಿದ. ದೊಡ್ಡಮ್ಮ ಹೇಳಲಿಲ್ಲ. ಈಗ ಮೊದಲ ಫೋನು ನನಗೇ ಬರುತ್ತದೆ. “ಹುಳ ಹಣ್ಣಾಗೈತೆ, ಬಾ” ಎನ್ನುತ್ತಾರೆ, ಇಟ್ಟುಬಿಡುತ್ತಾರೆ.

ಮತ್ತೆ ನಾನೊಂದು ದಿನ ಧೈರ್ಯ ಮಾಡಿ ಚನ್ನಪಟ್ಟಣದಲ್ಲಿ ಶಾಹಿನಾಳ ಮನೆ ಹುಡುಕಿಕೊಂಡು ಹೋದೆ. ಕ್ಷಮೆ ಕೇಳಬೇಕೆಂದೇ ಹೋದದ್ದು. ಅವಳು ಬಣ್ಣ ಹಿಡಿದಿದ್ದ ಕೈ ಒರೆಸಿಕೊಂಡು ಟೀ ಮಾಡಿಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ, “ಬುಡಕ್ಕ, ಪುಟ್ಟರಾಜಣ್ಣನ ತಪ್ಪೇನೈತೆ? ಎಲ್ಲಾ ಕಡೆನೂ ಹಂಗೇ ಆಗೋಗೈತೆ. ಓಟಿಗೋಸ್ಕರ ಜನರ ತಲೆ ಕೆಡಿಸ್ಬುಟ್ರು. ನಿನ್ನಂಥೋರು ನಾಕು ಜನ ಇದ್ರೆ ಸಾಕು” ಅಂದಳು.

ನಾನು “ಹೂಂ” ಅಂದೆ. ರಾಜಕೀಯದವರ ಮೇಲೆ ಹಾಕಿ ತಪ್ಪಿಸಿಕೊಂಡೆ. ಅವರು ಮಾತನ್ನು ತಯಾರು ಮಾಡಿಟ್ಟದ್ದು ನಿಜ. ಆದರೆ ಅಂದು ಅದನ್ನು ಕೈಗೆತ್ತಿಕೊಂಡವಳು ದ್ವೇಷದ ಮಾತಿಗೆ ಮರುಳಾದವಳಲ್ಲ. ಅದರ ಒಂದಕ್ಷರವನ್ನೂ ನಂಬದವಳು. ದ್ವೇಷ ಎಲ್ಲಿಂದ ಬರುತ್ತದೆ ಎಂದು ಪುಸ್ತಕಗಳಲ್ಲಿ ಓದಿದ್ದೆ. ಅದಿಲ್ಲದೆಯೂ, ಬರೀ ಒಬ್ಬರ ಜಾಗದ ಮೇಲಿನ ಆಸೆಯಿಂದಲೂ ಅಷ್ಟೇ ಕೆಲಸ ಆಗುತ್ತದೆ ಎಂಬುದನ್ನು ಎಲ್ಲಿಯೂ ಓದಿರಲಿಲ್ಲ.

ಎದ್ದು ಹೊರಟಾಗ ಅವಳ ಬಾಗಿಲ ಮೂಲೆಯಲ್ಲಿ ಒಂದು ಕುಂಬಳಕಾಯಿ ಕಂಡಿತು. ನಾನು ನೋಡುತ್ತಿದ್ದುದನ್ನು ಕಂಡು ಅವಳೇ ಹೇಳಿದಳು: “ದೊಡ್ಡವ್ವ ಮೊನ್ನೆ ತಂದಿದ್ರು. ತಿಂಗಳಿಗೊಂದ್ಸಲ ಬತ್ತಾರೆ, ಕೂತು ಟೀ ಕುಡ್ಕೊಂಡು ಹೋಯ್ತಾರೆ.” ರಾಮನಗರದ ನನ್ನ ಮನೆಗೆ ದೊಡ್ಡಮ್ಮ ಇದುವರೆಗೆ ಬಂದಿರುವುದು ಒಂದೇ ಸಲ, ಗೃಹಪ್ರವೇಶಕ್ಕೆ. ಬಸ್ಸಿನಲ್ಲಿ ಕೂತಾಗ ಮತ್ತೆ ಅದೇ ಉರಿ. ಇನ್ನೂ ಇದೆ. ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಕಳೆದ ತಿಂಗಳು ದೊಡ್ಡಮ್ಮನೂ ನಾನೂ ಕೂತು ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದೆವು. ಪುಟ್ಟರಾಜಣ್ಣ ತೋಟಕ್ಕೆ ಹೋಗಿದ್ದ. ಬೇರೆ ಯಾರೂ ಇರಲಿಲ್ಲ. ಕೇಳಿಬಿಟ್ಟೆ. ಅವರ ಬೆರಳು ನಿಲ್ಲಲಿಲ್ಲ. ಗೂಡು ಬಿಡಿಸಿ ಬುಟ್ಟಿಗೆ ಹಾಕುತ್ತಲೇ ಹೋದರು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ. ಆ ಚಂದ್ರಿಕೆ ಮುಗಿಸಿ ಇನ್ನೊಂದನ್ನು ಎಳೆದುಕೊಂಡರು. ನಾನು ಕೇಳಿದ್ದು ಇಷ್ಟೇ:

“ಅವತ್ತು ಆ ಹುಳ ನನ್ನ ಕೈಗೆ ಕೊಟ್ಯಲ್ಲ ದೊಡ್ಡಮ್ಮ, ಶಾಹಿನಾನ ತಡೆದೋಳು ನಾನೇ ಅಂತ ಗೊತ್ತಿದ್ದೇ ಕೊಟ್ಯಾ?”